ಜಕೂಝಿ ನೀರು ಗೋಡೆಗೆ ಅಂಟದೆ ಪೂಲಿಗೆ ಬೀಳಬೇಕು, ಹೇಗೆ?

ಕೇಳಿದವರು, ಚಿಕ್ಕಮಗಳೂರು:
ಹೋಮ್‌ಸ್ಟೇಗೆ ಪೂಲ್ ಕಟ್ಟಿಸುತ್ತಿದ್ದೇವೆ. ಮೂಲೆಯಲ್ಲಿ ಒಂದಡಿ ಎತ್ತರಕ್ಕೆ ಜಕೂಝಿ, ಅಂದರೆ ಕೂತು ಮೀಯುವ ಬಿಸಿನೀರಿನ ಸಣ್ಣ ತೊಟ್ಟಿ. ಅದು ತುಂಬಿ, ಎರಡಡಿ ಅಗಲದ ಬಾಯಿಂದ ನೀರು ಹಾಳೆಯಂತೆ ಪೂಲಿಗೆ ಬೀಳಬೇಕು ಅಂತ ಆಸೆ. ನೋಡಿದ ಕಡೆಯೆಲ್ಲ ಗೋಡೆಗೆ ಅಂಟಿಕೊಂಡೇ ಇಳಿಯುತ್ತದೆ. ಪಂಪ್ ದೊಡ್ಡದು ಹಾಕಿದರೆ ಸಾಕಾ? ಅನುಭವ ಇದ್ದವರು ಹೇಳಿ.

ಮೈಸೂರಿನಿಂದ, ಪೂಲ್ ಕೆಲಸದವನು:
ಪಂಪ್ ಆಮೇಲೆ ಸಾರ್, ಮೊದಲು ಅಂಚು. ಬಾಯಿಗೆ ಹಾಸುವ ಕಲ್ಲು, ಗೋಡೆಯಿಂದ ಒಂದೂವರೆ, ಎರಡು ಇಂಚು ಮುಂದೆ ಚಾಚಿರಬೇಕು. ಅಂಚನ್ನು ಗುಂಡಗೆ ಪಾಲಿಶ್ ಮಾಡಿಸಬೇಡಿ. ಗುಂಡು ಅಂಚಲ್ಲಿ ನೀರು ಹಾಗೇ ಹೊರಳಿ ಕಲ್ಲಿನ ಅಡಿಗೆ ಹೋಗುತ್ತದೆ, ಅಲ್ಲಿಂದ ಗೋಡೆಗೆ. ಚೌಕವಾಗಿರಲಿ, ಕೈ ಕೊಯ್ಯದಷ್ಟು ಮೂಲೆ ಉಜ್ಜಿದರೆ ಸಾಕು. ಕಲ್ಲಿನ ಅಡಿಯಲ್ಲಿ, ಅಂಚಿನಿಂದ ಅರ್ಧ ಇಂಚು ಒಳಗೆ, ಉದ್ದಕ್ಕೂ ಸಣ್ಣ ತೋಡಿನಂತೆ ಒಂದು ಗೆರೆ ಹೊಡೆಸಿ. ಸಜ್ಜೆಯ ಕೆಳಗೆ ಮಳೆನೀರು ಗೋಡೆಗೆ ಬರದಿರಲಿ ಅಂತ ಗೆರೆ ಬಿಡುತ್ತಾರಲ್ಲ, ಅದೇ. ಗಾರೆಯವರಿಗೆ ಹೀಗೆ ಹೇಳಿದರೆ ಬೇರೆ ಏನೂ ವಿವರಿಸಬೇಕಾಗಿಲ್ಲ.

ಇನ್ನು ಮಟ್ಟ. ಬಾಯಿಯ ಮೇಲೆ ಹರಿಯುವ ನೀರು ಕಾಲಿಂಚು ದಪ್ಪ ಇದ್ದರೆ ಬರೀ 6 ಮಿ.ಮೀ. ಕಲ್ಲು ಒಂದು ಕಡೆ 3 ಮಿ.ಮೀ. ಇಳಿದಿದ್ದರೂ ಹೆಚ್ಚಿನ ನೀರು ಆ ಕಡೆಗೇ ವಾಲುತ್ತದೆ. ಇಡೀ ಬಾಯಿಗೆ ಒಂದೇ ಕಲ್ಲು ಹಾಕಿ. ಚಿಕ್ಕ ಟೈಲ್ಸ್ ಹಾಕಿದರೆ ಸಂದು ಸಂದಿಗೂ ನೀರಿನ ಹಾಳೆ ಸೀಳಿಹೋಗುತ್ತದೆ.

ಪಂಪಿನ ಲೆಕ್ಕ: ನಿಮ್ಮ ಎರಡಡಿಗೆ ಕಾಲಿಂಚು ದಪ್ಪದ ನೀರು ಬೇಕಾದರೆ ನಿಮಿಷಕ್ಕೆ ಸುಮಾರು 35 ಲೀಟರ್. ಅರ್ಧ ಇಂಚಿಗೆ ಸುಮಾರು 95. ದಪ್ಪ ದುಪ್ಪಟ್ಟಾದರೆ ನೀರು ಹತ್ತಿರಹತ್ತಿರ ಮೂರು ಪಟ್ಟು ಬೇಕು. ಆರಡಿ ಬಾಯಿ ಫೋಟೋದಲ್ಲಿ ಚೆಂದ, ಕರೆಂಟ್ ಬಿಲ್ಲಿನಲ್ಲಿ ಅಲ್ಲ.

ಡಲ್ಲಾಸ್‌ನಿಂದ:
ಇಲ್ಲಿ ಮನೆಮನೆಯಲ್ಲೂ ಇಂಥದ್ದಿದೆ. ಅಂಚಿನ ಬಗ್ಗೆ ಹೇಳಿದ್ದು ಸರಿ, ಆದರೆ ಪೈಪು ಮರೆಯಬೇಡಿ. ಜಕೂಝಿ ಎತ್ತರದಲ್ಲಿದೆ ಅಲ್ವಾ? ಪಂಪ್ ನಿಂತ ಮೇಲೆ ನೀರು ಪೈಪಿನಲ್ಲೇ ವಾಪಸ್ ಇಳಿದು, ಬೆಳಿಗ್ಗೆ ನೋಡಿದರೆ ಪೂಲಿನ ಮಟ್ಟಕ್ಕೆ ಬಂದಿರುತ್ತದೆ. ಜಕೂಝಿಗೆ ಹೋಗುವ ಪೈಪಿಗೆ ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಬೇಕೇ ಬೇಕು. ಕೈ ಹೋಗುವ ಜಾಗದಲ್ಲಿ ಹಾಕಿಸಿ, ಕಸ ಸಿಕ್ಕಿಕೊಳ್ಳುತ್ತದೆ. ಬಿಸಿ ಮಾಡುವಾಗ ನೀರಿನ ದಾರಿ ಬದಲಿಸುವ ವಾಲ್ವ್ ತಿರುಗಿಸಿ, ಜಕೂಝಿಯಿಂದ ಎಳೆದ ನೀರು ಜಕೂಝಿಗೇ ಹೋಗುವಂತಿರಲಿ. ಇಲ್ಲದಿದ್ದರೆ 38 ಡಿಗ್ರಿಗೆ ಕಾಯಿಸಿದ ನೀರೆಲ್ಲ ಸುಮ್ನೆ ಪೂಲಿಗೆ ಸುರಿಯುತ್ತದೆ.

ದೇವನಹಳ್ಳಿ ಕಡೆಯ ತೋಟದ ಮನೆಯಿಂದ:
ಬೋರ್‌ವೆಲ್ ನೀರಾ? ಹಾಗಾದರೆ ಬಾಯಿಯ ಸುತ್ತ ಬಿಳಿ ಸುಣ್ಣ ಕಟ್ಟುತ್ತದೆ. ನೀರು ಬಿದ್ದು ಗಾಳಿ ಬೆರೆತಷ್ಟೂ ಪಿಎಚ್ ಏರುತ್ತದೆ, ಸುಣ್ಣವೂ ಜಾಸ್ತಿ. ಕಡಪ ಕಲ್ಲು ಬೇಡ. ಅದೇ ಸುಣ್ಣದ ಕಲ್ಲು, ಆಸಿಡ್ ಹಾಕಿ ಉಜ್ಜಿದರೆ ಕಲ್ಲೂ ತಿನ್ನಿಸಿಕೊಳ್ಳುತ್ತದೆ. ನಮ್ಮದು ಸಾದರಹಳ್ಳಿ ಗ್ರಾನೈಟ್, ತೊಂದರೆಯಿಲ್ಲ.

ಕೇಳಿದವರು:
ಗ್ರಾನೈಟೇ ತರಿಸಿದ್ದೇವೆ. ಆದರೆ ಮುಂದಿನ ಅಂಚು ಗುಂಡಗೆ ಪಾಲಿಶ್ ಆಗಿಯೇ ಬಂದಿದೆ! ಬೇರೆ ತರಿಸಬೇಕಾ?

ಮೈಸೂರಿನಿಂದ:
ಬೇಡ. ಕತ್ತರಿಸಿದ ಹಿಂಬದಿ ಅಂಚು ಚೌಕವಾಗಿಯೇ ಇರುತ್ತದೆ. ಅದನ್ನು ಪೂಲಿನ ಕಡೆ ತಿರುಗಿಸಿ, ಆ ಬದಿಗೆ ಗೆರೆ ಹೊಡೆಸಿ. ಸಿಮೆಂಟ್ ಹಾಕುವ ಮುಂಚೆ ಕಲ್ಲನ್ನು ಹಾಗೇ ಇಟ್ಟು, ಹೋಸ್‌ಪೈಪಿನಲ್ಲಿ ಸಣ್ಣಗೆ ನೀರು ಬಿಡಿ. ಅಷ್ಟು ಕಡಿಮೆ ನೀರಿಗೂ ಗೋಡೆ ಒದ್ದೆಯಾಗದಿದ್ದರೆ ಕೂರಿಸಿಬಿಡಿ.