ಸಹಾಯ ಬೇಕು: ಹೋಮ್ ಸರ್ವರ್‌ನಲ್ಲಿ ಡಿಲೀಟ್ ಆದ ಫೋಟೋ ವಾಪಸ್ ತರೋದು ಹೇಗೆ?

ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ಮನೇಲಿರೋ ಲಿನಕ್ಸ್ ಸರ್ವರ್‌ನಲ್ಲಿ 4 ಟಿಬಿದು ಎರಡು ಹಾರ್ಡ್ ಡಿಸ್ಕ್ ರೇಡ್ 1 ಅಲ್ಲಿವೆ (ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಹಾಗೇ ಕಾಪಿ ಆಗುತ್ತೆ), ಫೈಲ್ ಸಿಸ್ಟಮ್ ಇಎಕ್ಸ್‌ಟಿ4, ನಿನ್ನೆ ರಾತ್ರಿ ಸಿಂಕ್ ಆಗ್ವಾಗ ಫೋಟೋ ಫೋಲ್ಡರ್ ಪೂರ್ತಿ ಅಳಿಸಿಹೋಗಿದೆ, ಮಿರರ್ ಆದ್ರಿಂದ ಎರಡೂ ಡಿಸ್ಕಲ್ಲೂ ಇಲ್ಲ. ಅಪ್ಪನ ಕೊನೇ ವರ್ಷದ ಫೋಟೋಗಳೆಲ್ಲಾ ಅದ್ರಲ್ಲೇ ಇದ್ವು, ಬೇರೆ ಕಾಪಿ ಇಲ್ಲ. ಗೊತ್ತಾದ ತಕ್ಷಣ ಸಿಂಕ್ ನಿಲ್ಸಿ ಡಿಸ್ಕ್ ಅನ್‌ಮೌಂಟ್ ಮಾಡಿದೀನಿ (ಸಿಸ್ಟಮ್ ಬಳಸದ ಹಾಗೆ ಬಿಡಿಸಿದೀನಿ), ಹೊಸದೇನಾದ್ರೂ ರೈಟ್ ಆದ್ರೆ ಹಳೇ ಡೇಟಾ ಇರೋ ಜಾಗಕ್ಕೇ ಹೋಗಿ ಕೂತ್ಬಿಡಬಹುದು ಅಂತ.

ಈಗ ಡಿಡಿರೆಸ್ಕ್ಯೂ (ಡಿಸ್ಕ್ ಕಾಪಿ ಮಾಡೋ ಟೂಲ್) ಹಾಕಿ ಡಿಸ್ಕಿನ ಪೂರ್ತಿ ಇಮೇಜ್, ಅಂದ್ರೆ ಇದ್ದ ಹಾಗೇ ನಕಲು, ತಗೊಂಡು ಅದರ ಮೇಲೇ ಕೆಲಸ ಮಾಡೋಣ ಅಂತಿದೀನಿ, ಒರಿಜಿನಲ್ ಡಿಸ್ಕ್ ಮುಟ್ಟಲ್ಲ. ಡಿಲೀಟ್ ಆದ ಫೈಲ್ ಹುಡುಕಿ ತೆಗೆಯೋ ಫೋಟೋರೆಕ್ ಓಡಿಸಿದ್ರೆ ಫೈಲ್ ಹೆಸರು ಫೋಲ್ಡರ್ ಎರಡೂ ಸಿಗಲ್ಲ, ಅದಕ್ಕೆ ಮೊದ್ಲು ಜರ್ನಲ್ (ಫೈಲ್ ಸಿಸ್ಟಮ್ ತನ್ನ ಬದಲಾವಣೆ ಬರೆದಿಡೋ ಲಾಗ್) ನೋಡಿ ವಾಪಸ್ ತರೋ ಎಕ್ಸ್‌ಟಂಡಿಲೀಟ್ ಟ್ರೈ ಮಾಡ್ಲಾ? ಯಾರಾದ್ರೂ ಇದನ್ನ ಮಾಡಿ ನೋಡಿದ್ರೆ ಯಾವ್ದು ಮೊದ್ಲು ಅಂತ ದಯವಿಟ್ಟು ಹೇಳಿ.