ಒಂದೂ ಒಂದೂ ಎರಡು, ಕೊಸರು ಬೇರೆ

ಬೈ-ಟು ಕಾಫಿಯಲ್ಲಿ ಅರ್ಧ ಎಂದರೆ ಎಷ್ಟು ಎಂಬ ಪ್ರಶ್ನೆ ಎತ್ತಿದವರು ಸಿದ್ದಲಿಂಗಣ್ಣ. ತಿಪಟೂರಿನ ಕಡೆಯಿಂದ ಬೆಂಗಳೂರಿಗೆ ಬಂದು ತೆಂಗಿನಕಾಯಿ ಮಂಡಿ ಇಟ್ಟವರು. ಲಾರಿಯನ್ನು ದೂರದಿಂದ ನೋಡಿಯೇ ಎಷ್ಟು ಕಾಯಿ ಇದೆ ಎಂದು ಹೇಳುವವರು. ಭಾನುವಾರದ ನಡಿಗೆ ಮುಗಿಸಿ ನಾವು ಐವರು ಎಂದಿನ ಹೋಟೆಲಿನ ಎಂದಿನ ಮೇಜಿಗೆ ಕುಳಿತು, ಎಂದಿನಂತೆ ಎರಡು ಬೈ-ಟು, ಒಂದು ಫುಲ್ ಹೇಳಿದ್ದೆವು. ಫುಲ್ ನನಗೆ. ಬ್ಯಾಂಕಿನಲ್ಲಿ ಆಯುಷ್ಯವೆಲ್ಲ ಇನ್ನೊಬ್ಬರ ಹಣ ಎಣಿಸಿದವನು ಇಷ್ಟಾದರೂ ಅನುಭವಿಸಲಿ ಎಂದು ಅವರೇ ಬಿಟ್ಟುಕೊಟ್ಟಿದ್ದಾರೆ.

"ಸ್ವಾಮಿ, ನಿಮ್ಮ ಫುಲ್ ಲೋಟ ನೋಡಿ, ನನ್ನ ಅರ್ಧ ಲೋಟ ನೋಡಿ. ನನ್ನದು ಮುಕ್ಕಾಲಿಗೆ ಬಂದಿದೆ. ರಾಯರದ್ದೂ ಮುಕ್ಕಾಲು. ಮುಕ್ಕಾಲೂ ಮುಕ್ಕಾಲೂ ಒಂದೂವರೆ. ಹೋಟೆಲಿನವರು ಕೊಟ್ಟದ್ದು ಒಂದು ಕಾಫಿ. ಮಿಕ್ಕ ಅರ್ಧ ಎಲ್ಲಿಂದ ಬಂತು?"

ವಿಮಲಾ ಮೇಡಂ ಕನ್ನಡಕ ಸರಿಮಾಡಿಕೊಂಡರು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. "ಅರ್ಧವೂ ಅರ್ಧವೂ ಸೇರಿದರೆ ಒಂದು. ಇದರಲ್ಲಿ ಚರ್ಚೆಯೇನು?"

"ಅದು ಪುಸ್ತಕದಲ್ಲಿ. ಮೇಜಿನ ಮೇಲೆ?"

ಪರೀಕ್ಷೆ ಮಾಡಿಯೇ ಬಿಡೋಣ ಎಂದಾಯಿತು. ಗಂಟಲು ಸುಟ್ಟುಕೊಂಡು ನನ್ನ ಲೋಟ ಖಾಲಿ ಮಾಡಿಕೊಟ್ಟೆ. ವಿಜ್ಞಾನಕ್ಕೆ ನನ್ನ ಕೊಡುಗೆ ಅಷ್ಟೇ. ಸಿದ್ದಲಿಂಗಣ್ಣ ಮೊದಲು ತಮ್ಮ ಅರ್ಧವನ್ನು ಸುರಿದರು, ಆಮೇಲೆ ರಾಯರು ಬೇಡ ಬೇಡ ಎನ್ನುತ್ತಿದ್ದರೂ ಅವರ ಅರ್ಧವನ್ನೂ ಸುರಿದರು. ನೊರೆ ಅಂಚಿನವರೆಗೆ ಏರಿತು, ಒಂದು ಕ್ಷಣ ಗುಮ್ಮಟದಂತೆ ನಿಂತಿತು, ಆಮೇಲೆ ಲೋಟದ ಮೈಮೇಲೆ ಇಳಿದು ಮೇಜಿನ ಮೇಲೆ ಹರಿದು ವೆಂಕಟೇಶನ ಮೊಬೈಲಿನತ್ತ ಹೊರಟಿತು.

"ನೋಡಿದಿರಾ! ಒಂದು ತುಂಬಿ ಮೇಲೆ ಕೊಸರು!"

"ನೊರೆ ಇಳಿಯಲಿ, ಆಮೇಲೆ ತೀರ್ಪು," ಎಂದರು ರಾಯರು. ರಸಾಯನಶಾಸ್ತ್ರದ ಉಪನ್ಯಾಸಕರಾಗಿದ್ದವರು, ಕಾಯುವುದು ಅವರಿಗೆ ಅಭ್ಯಾಸ. "ಕೊಸರು ಮಾತ್ರವಲ್ಲ ಸಿದ್ದಲಿಂಗಣ್ಣ, ಖೋತಾ ಕೂಡ ಉಂಟು. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಶುದ್ಧ ಆಲ್ಕೋಹಾಲ್ ಸೇರಿಸಿ ಅಳೆದರೆ ನೂರು ಬರುವುದಿಲ್ಲ. 96, 97ರ ಹತ್ತಿರ ನಿಂತುಬಿಡುತ್ತದೆ."

"ಹಾಗಾದರೆ ನಮ್ಮೂರ ಬಾರಿನವನನ್ನು ಇಷ್ಟು ವರ್ಷ ಸುಮ್ಮನೆ ಬೈದುಕೊಂಡೆನೇ?"

"ಅವನದು ಬೇರೆ ಶಾಸ್ತ್ರ. ಇದನ್ನು ಕೇಳಿ. ಒಂದು ಸೇರು ಅವರೆಕಾಳಿನ ಮೇಲೆ ಒಂದು ಸೇರು ಸಾಸಿವೆ ಸುರಿದರೆ ಎರಡು ಸೇರು ಬರುತ್ತದೆಯೇ? ಸಾಸಿವೆ ಸಂದಿಗೆ ಇಳಿದು ಕುಳಿತುಕೊಳ್ಳುತ್ತದೆ. ಇದೂ ಹೆಚ್ಚುಕಡಿಮೆ ಹಾಗೆಯೇ. ಸಾಲದ್ದಕ್ಕೆ ನೀರಿನ ಅಣುವೂ ಆಲ್ಕೋಹಾಲಿನ ಅಣುವೂ ಒಂದನ್ನೊಂದು ಎಳೆದುಕೊಂಡು ಇನ್ನಷ್ಟು ಒತ್ತಾಗುತ್ತವೆ."

"ತೂಗಿ ನೋಡಿದ್ದೀರಾ?" ಮೇಡಂ ಕೇಳಿದರು.

ರಾಯರು ತುಸು ಬಾಗಿದರು. "ನೀರು 50 ಗ್ರಾಂ, ಆಲ್ಕೋಹಾಲ್ ಸುಮಾರು 39.5 ಗ್ರಾಂ. ಬೆರೆಸಿ ತೂಗಿದರೆ 89.5. ತೂಕದಲ್ಲಿ ಖೋತಾ ಇಲ್ಲ."

ಮೇಡಂ ಗೆದ್ದ ಮುಖ ಮಾಡಿ ಬೆನ್ನು ಒರಗಿಸುವಷ್ಟರಲ್ಲಿ ವೆಂಕಟೇಶ ಮೊಬೈಲ್ ಒರೆಸಿಕೊಳ್ಳುತ್ತಾ ಬಾಯಿ ಹಾಕಿದ. ನಮ್ಮಲ್ಲಿ ಚಿಕ್ಕವನು, ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ, ಭಾನುವಾರವೂ ಬೇಗ ಏಳುತ್ತಾನೆ ಎಂಬ ಕಾರಣಕ್ಕೆ ಸೇರಿಸಿಕೊಂಡಿದ್ದೇವೆ. "ಮೇಡಂ, ತಕ್ಕಡಿಯನ್ನೂ ಅಷ್ಟು ನಂಬಬೇಡಿ. ಸೂರ್ಯನೊಳಗೆ ನಾಲ್ಕು ಹೈಡ್ರೋಜನ್ ಪರಮಾಣು ಬೀಜಗಳು ಸೇರಿ ಒಂದು ಹೀಲಿಯಂ ಆಗುತ್ತದೆ. ನಾಲ್ಕರ ಒಟ್ಟು ತೂಕಕ್ಕಿಂತ ಹೀಲಿಯಂ ಶೇಕಡಾ 0.7ರಷ್ಟು ಹಗುರ. ಕಡಿಮೆಯಾದದ್ದು ಬೆಳಕಾಗಿ, ಶಾಖವಾಗಿ ಹೊರಗೆ ಹೋಗುತ್ತದೆ. ಒಂದು ಸೆಕೆಂಡಿಗೆ 40 ಲಕ್ಷ ಟನ್ನಿಗೂ ಹೆಚ್ಚು."

"ಸೆಕೆಂಡಿಗೆ? ಅಷ್ಟು ಖೋತಾ ಬಿದ್ದರೆ ನಾನಾದರೆ ಅದೇ ದಿನ ಮಂಡಿಗೆ ಬೀಗ ಹಾಕುತ್ತಿದ್ದೆ."

"ಆ ಖೋತಾದಿಂದಲೇ ಅಲ್ಲವೇ ನಿಮ್ಮ ಮರ ಕಾಯಿ ಬಿಡುತ್ತಿರುವುದು?" ಎಂದರು ರಾಯರು.

ಮೇಡಂಗೆ ಇನ್ನು ತಡೆಯಲಾಗಲಿಲ್ಲ. "ಕೂಡುವುದು ಬೇರೆ, ಬೆರೆಸುವುದು ಬೇರೆ. ಕನ್ನಡದಲ್ಲಿ ಎರಡು ಪದ ಸುಮ್ಮನೆ ಇಟ್ಟಿಲ್ಲ. ನೀವು ಕಾಫಿ ಬೆರೆಸುತ್ತೀರಿ, ರಾಯರು ಸಾಸಿವೆ ಸುರಿಯುತ್ತಾರೆ, ಸೂರ್ಯ ಬೇಯಿಸುತ್ತಾನೆ. ಕೊನೆಗೆ ಬೈಗುಳ ಮಾತ್ರ ಮಗ್ಗಿಗೆ! ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೀರಲ್ಲ, ಕಿಟಕಿಯ ಗಾಜಿನ ಮೇಲೆ ಎರಡು ಹನಿ ಕೂಡಿದರೆ ಒಂದೇ ಹನಿ. ಅದಕ್ಕೆ ಎರಡು ಏನು ಮಾಡಬೇಕು? ಎಣಿಸುವ ವಸ್ತುವನ್ನು ತಂದು ಮಾತನಾಡಿ."

ಸಿದ್ದಲಿಂಗಣ್ಣನವರಿಗೆ ಇದು ಸ್ವಂತ ಅಂಗಳ. "ತೆಂಗಿನಕಾಯಿ ಎಣಿಸುತ್ತೇನೆ, ತೆಗೆದುಕೊಳ್ಳಿ. ಅದಕ್ಕೆ ನೊರೆ ಬರುವುದಿಲ್ಲ, ಒಂದು ಇನ್ನೊಂದರ ಸಂದಿಗೆ ಇಳಿಯುವುದೂ ಇಲ್ಲ. ಆದರೆ ನಮ್ಮ ತಾತ ಎಣಿಸುವಾಗ ಒಂದು ಎನ್ನುತ್ತಲೇ ಇರಲಿಲ್ಲ. ಲಾಭ, ಎರಡು, ಮೂರು ಎಂದು ಶುರು. ಅವರ ಲೆಕ್ಕದಲ್ಲಿ ಲಾಭವೂ ಒಂದೂ ಸೇರಿ ಎರಡು! ಅದೂ ಇರಲಿ. ಕೊಳ್ಳುವವನು ಬರುತ್ತಾನೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ನೀರಿನ ಸದ್ದು ಬರದಿದ್ದರೆ ಪಕ್ಕಕ್ಕೆ. ಬಿರುಕು ಬಿಟ್ಟದ್ದು ಪಕ್ಕಕ್ಕೆ. ಸಣ್ಣ ಕಾಯಿಯನ್ನು ಎರಡಕ್ಕೆ ಒಂದು ಎಂದು ಹಿಡಿಯುತ್ತಾನೆ. ನಾನು ಇಳಿಸಿದ ನೂರು ಅವನ ಬಾಯಲ್ಲಿ ತೊಂಬತ್ತು. ಒಂದೂ ಒಂದೂ ಎರಡು ಎಂಬುದರಲ್ಲಿ ನನಗೂ ಅವನಿಗೂ ಜಗಳವಿಲ್ಲ ಮೇಡಂ. ಯಾವುದು ಒಂದು ಎಂಬುದರಲ್ಲೇ ಜಗಳವೆಲ್ಲ."

ಮೇಡಂ ಅವರನ್ನೇ ನೋಡಿದರು. "ಇಷ್ಟು ವರ್ಷ ಪಾಠ ಮಾಡಿದೆ, ನನ್ನ ತರಗತಿಗೆ ಇಂಥ ಹುಡುಗ ಒಬ್ಬ ಬರಲಿಲ್ಲ." ಹುಡುಗನಿಗೆ ಎಪ್ಪತ್ತೊಂದು ವರ್ಷ.

ಸರ್ಕಾರವೇ ಒಂದು ಸಲ ಕೂಡುವ ಲೆಕ್ಕವನ್ನು ತಿದ್ದಿತ್ತು ಎಂದು ನಾನು ನೆನಪಿಸಿದೆ. 1957ರಲ್ಲಿ ನಯಾಪೈಸೆ ಬಂತು, ಅದೂ ಏಪ್ರಿಲ್ 1ರಂದು! ರೂಪಾಯಿಗೆ ಹದಿನಾರು ಆಣೆ ಇದ್ದದ್ದು ನೂರು ನಯಾಪೈಸೆಯಾಯಿತು. ಆಣೆಗೆ ಆರೂಕಾಲು. ಕಾಲು ಪೈಸೆಯ ನಾಣ್ಯ ಎಲ್ಲಿದೆ? ಆದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಕೋಷ್ಟಕ ಹೊರಡಿಸಿದರು. ನಮ್ಮ ತಾತ ಅದನ್ನು ಪಂಚಾಂಗದ ಪಕ್ಕದಲ್ಲಿ ಅಂಟಿಸಿಕೊಂಡು ಎರಡು ದಿನ ಓದಿದರು. ಮೂರನೆಯ ದಿನದಿಂದ ನಾಲ್ಕಾಣೆಯ ನಶ್ಯವನ್ನು ಒಟ್ಟಿಗೆ ತರಿಸುವುದನ್ನು ಬಿಟ್ಟರು. ಅಪ್ಪನನ್ನು ಒಂದೊಂದಾಣೆ ಕೊಟ್ಟು ನಾಲ್ಕು ಸಲ ಅಂಗಡಿಗೆ ಅಟ್ಟಿದರು. ನಾಲ್ಕು ಆರಲೆ ಇಪ್ಪತ್ತನಾಲ್ಕು; ಒಂದು ನಯಾಪೈಸೆ ಉಳಿತಾಯ. ಅಪ್ಪನ ಚಪ್ಪಲಿ ಸವೆದದ್ದು ಆ ಕೋಷ್ಟಕದಲ್ಲಿ ಇರಲಿಲ್ಲ.

"ಕಂಪ್ಯೂಟರ್ ದಿನವೂ ಮಾಡುವುದು ಇದನ್ನೇ ಅಂಕಲ್," ಎಂದ ವೆಂಕಟೇಶ. "ಬಹಳಷ್ಟು ಪ್ರೋಗ್ರಾಂ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿ ಎಂದರೆ 0.30000000000000004 ಎನ್ನುತ್ತದೆ. ನಾವು ಮೂರನೆಯ ಒಂದನ್ನು 0.333 ಎಂದು ಬರೆಯುತ್ತಾ ಹೋದರೆ ಮುಗಿಯುವುದೇ ಇಲ್ಲವಲ್ಲ, ಅದಕ್ಕೆ ಹತ್ತನೆಯ ಒಂದು ಹಾಗೆ. ಅದು ಎಲ್ಲವನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಬರೆಯಬೇಕು. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು."

"ಅಷ್ಟು ಕೊನೆಯ ನಾಲ್ಕರಿಂದ ಯಾರ ಮನೆ ಮುಳುಗುತ್ತದೆ?" ಎಂದೆ.

"ಮುಳುಗಿದೆ. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸಮಯವನ್ನು ಸೆಕೆಂಡಿನ ಹತ್ತನೆಯ ಒಂದರಲ್ಲಿ ಎಣಿಸುತ್ತಿತ್ತು. ನೂರು ಗಂಟೆ ಬಿಡದೆ ಓಡಿದಾಗ ಆ ಚೂರುಗಳೆಲ್ಲ ಸೇರಿ ಸೆಕೆಂಡಿನ ಮೂರನೆಯ ಒಂದಷ್ಟು ತಪ್ಪಾಯಿತು. ಎದುರಿಂದ ಬಂದ ಕ್ಷಿಪಣಿಯನ್ನು ಇಲ್ಲದ ಜಾಗದಲ್ಲಿ ಹುಡುಕಿತು. 1991ರ ಫೆಬ್ರವರಿ 25, ಸೌದಿಯ ಧಹ್ರಾನ್. 28 ಸೈನಿಕರು ಸತ್ತರು."

ಯಾರೂ ಮಾತನಾಡಲಿಲ್ಲ. ಮಾಣಿ ಬಂದು ಎರಡು ಪ್ಲೇಟ್ ವಡೆ ಇಟ್ಟು ಹೋದ.

ನಾಲ್ಕು ವಡೆ, ಐದು ಜನ. ಸಿದ್ದಲಿಂಗಣ್ಣ ಕೈ ಮುಗಿದು, ನನಗೆ ಎಣ್ಣೆ ಪದಾರ್ಥ ಬೇಡವೆಂದು ಡಾಕ್ಟರು ಹೇಳಿದ್ದಾರೆ, ನೀವು ತಿನ್ನಿ ಎಂದರು. ಹೇಳಿ ಮುಗಿಸುವ ಮೊದಲೇ ರುಚಿ ನೋಡಲೆಂದು ಒಬ್ಬೊಬ್ಬರ ವಡೆಯಿಂದ ಒಂದೊಂದು ಕಾಲು ಮುರಿದುಕೊಂಡರು. ನಾಲ್ಕು ಕಾಲು ಸೇರಿ ಅವರಿಗೆ ಒಂದು ಪೂರ್ತಿ ವಡೆ, ನಮಗೆ ಮುಕ್ಕಾಲು. ಆ ಬೆಳಗ್ಗೆ ಗಣಿತ ಕೂದಲೆಳೆಯಷ್ಟೂ ತಪ್ಪದೆ ನಡೆದದ್ದು ಅಲ್ಲೊಂದೇ ಕಡೆ.

"ಹಂಚುವ ಮಾತು ಬಂತಲ್ಲ," ಎಂದರು ಮೇಡಂ, ತಮ್ಮ ಮುಕ್ಕಾಲನ್ನು ಕೈಯಿಂದ ಮುಚ್ಚಿಕೊಂಡು. "ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಎಂಬ ಗಣಿತಜ್ಞರಿದ್ದರು, ಒಂಬತ್ತನೆಯ ಶತಮಾನ. ದೊಡ್ಡ ಮನುಷ್ಯರು. ಆದರೆ ಒಂದು ಕಡೆ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದುಬಿಟ್ಟರು. ಸೊನ್ನೆಯಿಂದ ಭಾಗಿಸುವಂತೆಯೇ ಇಲ್ಲ. ಮಕ್ಕಳು ಹಾಗೆ ಬರೆದರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ."

"ಯಾಕೆ ಗೆರೆ? ಇಪ್ಪತ್ತು ಹೋಳಿಗೆ ಮಾಡಿದೆವು, ನೆಂಟರು ಒಬ್ಬರೂ ಬರಲಿಲ್ಲ. ಹೋಳಿಗೆ ಇಪ್ಪತ್ತೂ ಉಳಿಯಿತು. ಆಚಾರ್ಯರು ಸರಿಯಾಗಿಯೇ ಹೇಳಿದ್ದಾರೆ," ಎಂದರು ಸಿದ್ದಲಿಂಗಣ್ಣ.

"ನಿಮ್ಮ ಮನೆಯಲ್ಲಿ ಉಳಿಯುವುದಿಲ್ಲ," ಎಂದರು ರಾಯರು. ಕಾಫಿ ಕಳೆದುಕೊಂಡ ಕೋಪ ಇನ್ನೂ ಇತ್ತು. ಆಗಲೇ ಅವರಿಗೆ ಲೋಟದ ನೆನಪಾಯಿತು. ಎಲ್ಲರೂ ಬಗ್ಗಿ ನೋಡಿದೆವು. ನೊರೆ ಪೂರ್ತಿ ಇಳಿದು, ಮೇಲೆ ತೆಳ್ಳನೆ ಕೆನೆ ಕಟ್ಟಿ, ಕಾಫಿ ಅಂಚಿನಿಂದ ಎರಡು ಬೆರಳು ಕೆಳಗಿತ್ತು. ಎರಡು ಅರ್ಧ ಸೇರಿ ಒಂದಕ್ಕಿಂತ ಕಡಿಮೆ!

"ಮೇಜು ಕುಡಿದದ್ದನ್ನೂ ಸೇರಿಸಿ," ಎಂದರು ಮೇಡಂ.

ಅಷ್ಟರಲ್ಲಿ ಮಾಣಿ ಬಿಲ್ಲು ತಂದಿಟ್ಟ. 240 ರೂಪಾಯಿ. ರಾಯರು ಕನ್ನಡಕ ಒರೆಸತೊಡಗಿದರು. ಮೇಡಂ ಕೈಚೀಲದಲ್ಲಿ ಏನನ್ನೋ ಹುಡುಕಿದರು. ಮೊಬೈಲಿಗೆ ಕಾಫಿ ಹೋಗಿದೆ, ಪಾವತಿ ಆಗುತ್ತಿಲ್ಲ ಎಂದ ವೆಂಕಟೇಶ. ಸಿದ್ದಲಿಂಗಣ್ಣ ರಸ್ತೆಯಲ್ಲಿ ಹೋಗುತ್ತಿದ್ದ ಕಾಯಿ ಲಾರಿಯನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದರು. ನಾನು ಗೋಡೆಯ ಮೇಲಿನ ದೇವರ ಪಟ ನೋಡಿದೆ.

ಐದು ನಿಮಿಷ ಬಿಟ್ಟು ಬಗ್ಗಿ ನೋಡಿದರೆ, ಮಹಾವೀರಾಚಾರ್ಯರು ಹೇಳಿದಂತೆಯೇ, 240 ಬದಲಾಗದೆ ಉಳಿದಿತ್ತು.