ಕುತ್ತಿಗೆ ಗಂಟಿಗೆ ಕಾಂಟ್ರಾಸ್ಟ್ ಸಿಟಿ: ಮಾಡಿಸಿದವರು ಹೇಳಿ

ಪ್ರಶ್ನೆ: ಅಪ್ಪನಿಗೆ ಕೆನ್ನೆ ಒಳಗೆ ಕ್ಯಾನ್ಸರ್. ಕುತ್ತಿಗೆ ಗಂಟುಗಳಿಗೆ (ದುಗ್ಧಗ್ರಂಥಿ) ಹರಡಿದೆಯಾ ನೋಡಲು ಕಾಂಟ್ರಾಸ್ಟ್ ಸಿಟಿ (ಎದ್ದು ಕಾಣಲು ನರಕ್ಕೆ ಔಷಧಿ ಚುಚ್ಚಿ ಮಾಡುವ ಸ್ಕ್ಯಾನ್) ಬರೆದಿದ್ದಾರೆ. ಶುಗರ್ ಇದೆ, ಆ ಔಷಧಿಯಿಂದ ಕಿಡ್ನಿಗೆ ಏನಾದರೂ ಆದೀತೆಂಬ ಭಯ. ನೇರ ಪೆಟ್ (ಕ್ಯಾನ್ಸರ್ ಇದ್ದಲ್ಲಿ ಹೊಳೆಯುವ ಇಡೀ ಮೈಯ ಸ್ಕ್ಯಾನ್) ಮಾಡಿಸಲಾ?

ದಾವಣಗೆರೆ ಮಗಳು: ಅಮ್ಮನಿಗೆ ಮೊದಲು ಒಂದು ಸೆಂಟರ್‌ನಲ್ಲಿ ಕಾಂಟ್ರಾಸ್ಟ್ ಇಲ್ಲದೆ ಸಿಟಿ ಮಾಡಿ 3,200 ತಗೊಂಡರು. ಸರ್ಜನ್ ಫಿಲಂ ನೋಡಿ, ಇದರಲ್ಲಿ ರಕ್ತನಾಳ ಯಾವುದು ಗಂಟು ಯಾವುದು ಅಂತಾನೇ ಗೊತ್ತಾಗಲ್ಲ ಎಂದು ವಾಪಸ್ ಕೊಟ್ಟರು. ಮತ್ತೆ ಕಾಂಟ್ರಾಸ್ಟ್ ಹಾಕಿ ಸಿಟಿಗೆ 5,800, ಕಿಡ್ನಿ ನೋಡುವ ರಕ್ತಪರೀಕ್ಷೆ ಕ್ರಿಯಾಟಿನಿನ್‌ಗೆ 180, ಇಂಜೆಕ್ಷನ್ ಬಿಲ್ ಬೇರೆ 1,400, ಆಟೋ 600. ಈ ಸಲ ಕೆನ್ನೆ ಉಬ್ಬಿಸಿಕೊಂಡು ಮಲಗಿ ಎಂದರು. ಕೆನ್ನೆ ಒಸಡಿಗೆ ಅಂಟಿಕೊಂಡಿದ್ದರೆ ಗಡ್ಡೆಯ ಅಂಚು ಕಾಣಲ್ಲವಂತೆ. ಔಷಧಿ ಹೋಗುವಾಗ ಮೈಯೆಲ್ಲ ಬಿಸಿಯಾಗಿ, ಉಚ್ಚೆ ಆಗಿಬಿಟ್ಟಿತೇನೋ ಅಂತ ಅಮ್ಮ ಗಾಬರಿಯಾದರು. ದವಡೆ ಕೆಳಗೆ 9 ಮಿ.ಮೀ. ಗಂಟು. ನಡುವೆ ಕಪ್ಪು, ಸುತ್ತ ಬಿಳಿ ಉಂಗುರ. ಒಳಗೆ ಕೊಳೆತಿತ್ತು, ಅದು ಕ್ಯಾನ್ಸರ್ ಲಕ್ಷಣವಂತೆ. 10 ಮಿ.ಮೀ. ದಾಟಿದರೆ ಮಾತ್ರ ಅನುಮಾನ ಎಂಬ ಲೆಕ್ಕ ಹಿಡಿದಿದ್ದರೆ ಅದು ಪಾಸಾಗಿಬಿಡುತ್ತಿತ್ತು!

ಮಂಗಳೂರಿನವ: ನಾವು ಅಣ್ಣನಿಗೆ ಪೆಟ್ ಮಾಡಿಸಿದೆವು, 17,500. ಶ್ವಾಸಕೋಶದ ಚುಕ್ಕೆ ಅದರಲ್ಲೇ ಸಿಕ್ಕಿದ್ದು. ಬರೀ ಕುತ್ತಿಗೆ ನೋಡಿ ಕೂತಿದ್ದರೆ ಮುಗಿದೇ ಹೋಗುತ್ತಿತ್ತು. ಕುತ್ತಿಗೆಯಲ್ಲಿ ಹೊಳೆದ ಒಂದು ಗಂಟು ಸೂಜಿ ಪರೀಕ್ಷೆಯಲ್ಲಿ ಬರೀ ಸೋಂಕು ಅಂತ ಬಂತು, ಅದಕ್ಕೆ ಇನ್ನೂ 2,000.

ದಾವಣಗೆರೆ ಮಗಳು: ಎದೆ ಸಿಟಿ ಜೊತೆಯಲ್ಲೇ ಮಾಡಿಸಬಹುದಲ್ವಾ? ಸುಮ್ನೆ ಎಲ್ಲರಿಗೂ ಪೆಟ್ ಅನ್ನಬೇಡಿ. ಸಾಲ ಮಾಡಿದವರಿಗೆ ಗೊತ್ತು.

ಹುಬ್ಬಳ್ಳಿ: ನನ್ನ ಹೆಂಡತಿಗೆ ಥೈರಾಯ್ಡ್ ಕ್ಯಾನ್ಸರ್. ಕಾಂಟ್ರಾಸ್ಟ್‌ನಲ್ಲಿ ಅಯೋಡಿನ್ ಇರುತ್ತದೆ. ಅದನ್ನು ಹಾಕಿದ್ದಕ್ಕೆ ಮೈಯಿಂದ ಅದು ಇಳಿಯುವವರೆಗೆ ರೇಡಿಯೋ ಅಯೋಡಿನ್ (ಥೈರಾಯ್ಡ್ ಕ್ಯಾನ್ಸರ್‌ಗೆ ಕೊಡುವ ವಿಕಿರಣದ ಔಷಧಿ) ವಾರಗಟ್ಟಲೆ ಮುಂದೆ ಹೋಯಿತು, ರೂಮಿನ ಅಡ್ವಾನ್ಸ್ 8,000 ಹೋಯಿತು. ಮೊದಲೇ ಒಬ್ಬರೂ ಹೇಳಲಿಲ್ಲ.

ಮಂಗಳೂರಿನವ: ಕೇಳಿದ್ದು ಕೆನ್ನೆ ಬಗ್ಗೆ. ಯಾಕೆ ಹೆದರಿಸುತ್ತೀರಿ?

ಹುಬ್ಬಳ್ಳಿ: ಕುತ್ತಿಗೆ ಗಂಟು ಅಂತ ಹುಡುಕಿಕೊಂಡು ನನ್ನಂಥವರೂ ಬರುತ್ತಾರೆ. ನೀವು ಅನುಭವಿಸಿಲ್ಲ, ಬಿಡಿ.

ಶಿವಮೊಗ್ಗ: ಇಬ್ಬರೂ ಸ್ಕ್ಯಾನ್ ದೇವರು ಅನ್ನುವ ಹಾಗೆ ಕಿತ್ತಾಡುತ್ತಿದ್ದೀರಿ. ನನ್ನ ಗಂಡನಿಗೆ ನಾಲಿಗೆಯದು. ಸಿಟಿ ಪೂರ್ತಿ ಕ್ಲೀನ್. ಆದರೂ ಕುತ್ತಿಗೆ ಗಂಟು ತೆಗೆದರು, ಲ್ಯಾಬ್‌ನಲ್ಲಿ ಒಂದರೊಳಗೆ 2 ಮಿ.ಮೀ. ಕ್ಯಾನ್ಸರ್ ಸಿಕ್ಕಿತು. ಅಷ್ಟು ಚಿಕ್ಕದು ಯಾವ ಮೆಷಿನ್‌ಗೂ ಕಾಣಲ್ಲ. ಮುಂಬೈ ಟಾಟಾ ಕ್ಯಾನ್ಸರ್ ಆಸ್ಪತ್ರೆಯವರು 2015ರಲ್ಲೇ ತೋರಿಸಿದ್ದಾರೆ: ಆರಂಭದ ಬಾಯಿ ಕ್ಯಾನ್ಸರ್‌ನಲ್ಲಿ ಮೊದಲೇ ಗಂಟು ತೆಗೆಸಿದವರು 3 ವರ್ಷಕ್ಕೆ 80% ಬದುಕಿದ್ದರು, ಕಾದು ನೋಡಿದವರು 67.5%. ಆ ಆಪರೇಷನ್ ಆದಮೇಲೆ ಗಂಡನಿಗೆ ಭುಜ ಇನ್ನೂ ಎತ್ತಲು ಆಗಲ್ಲ, ಫಿಸಿಯೋಗೆ ಸಲಕ್ಕೆ 400. ಆದರೂ ಮಾಡಿಸಿದ್ದೇ ಸರಿ.

ಮಂಗಳೂರಿನವ: ಅಣ್ಣನ ಗಡ್ಡೆ ಆರಂಭದ್ದಲ್ಲ ಮೇಡಂ, ನಿಮ್ಮ ಲೆಕ್ಕ ನಮಗೆ ಬರಲ್ಲ. ನಾಳೆ ಮತ್ತೆ ಪೆಟ್ ಬರೆದರೂ ಮಾಡಿಸುತ್ತೇನೆ.